ಹಳಿಯ ಒಡೆತನ, ಹಳಿಯ ಹೊಣೆ: ಬ್ರಿಟನ್ನಿನ ಸಾರಿಗೆ ಚರಿತ್ರೆಯಿಂದ

ಎಲ್ಲರಿಗೂ ನಮಸ್ಕಾರ. ಬ್ರಿಟನ್ನಿನ ಸಾರಿಗೆಯಲ್ಲಿ ಸರ್ಕಾರಿ ಒಡೆತನ ಮತ್ತು ಖಾಸಗಿ ಒಡೆತನ ಎಂಬುದು ಸಂಘಟಕರು ಇವತ್ತು ನನಗೆ ಒಪ್ಪಿಸಿರುವ ವಿಷಯ. ಈ ವಿಷಯಕ್ಕೆ ಎರಡು ಭಾಷಣಗಳು ಯಾವಾಗಲೂ ಸಿದ್ಧವಾಗಿರುತ್ತವೆ. ಖಾಸಗಿಯವರು ಲಾಭಕ್ಕೆ ಬಿದ್ದು ಜನರ ಜೀವ ಒತ್ತೆ ಇಡುತ್ತಾರೆ ಎನ್ನುವುದು ಒಂದು. ಸರ್ಕಾರದ ಕೈಗೆ ಕೊಟ್ಟದ್ದೆಲ್ಲ ಹಾಳು ಬೀಳುತ್ತದೆ ಎನ್ನುವುದು ಇನ್ನೊಂದು. ಎರಡಕ್ಕೂ ಬ್ರಿಟನ್ ಬೇಕಾದಷ್ಟು ಸಾಕ್ಷ್ಯ ಒದಗಿಸುತ್ತದೆ, ಏಕೆಂದರೆ ಆ ದೇಶ ಎರಡನ್ನೂ ಮಾಡಿ ನೋಡಿದೆ. ಆದರೆ ಆ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಬೇರೊಂದು ಪ್ರಶ್ನೆ ಮುಖ್ಯವಾಗಿ ಕಾಣಿಸಿದೆ. ಹಳಿಯ ಪಕ್ಕದಲ್ಲಿ ದಿನವೂ ನಡೆಯುವವರಿಗೆ, ದಿನವೂ ಗಾಡಿ ಹತ್ತುವವರಿಗೆ ಏನು ಗೊತ್ತಿದೆಯೋ ಅದು ನಿರ್ಧಾರ ಮಾಡುವವರಿಗೆ ತಲುಪುತ್ತಿತ್ತೇ? ತಲುಪಿದಾಗ ಅವರು ಅದಕ್ಕೆ ತಲೆಬಾಗಲೇಬೇಕಾದ ಕಟ್ಟುಪಾಡು ಇತ್ತೇ? ಒಡೆಯ ಯಾರು ಎಂಬುದು ಈ ಪ್ರಶ್ನೆಯ ಒಂದು ಭಾಗ ಮಾತ್ರ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನ ರೈಲು ಸಂಪೂರ್ಣ ಖಾಸಗಿ, ಸರ್ಕಾರ ದೂರ ನಿಂತು ನೋಡುತ್ತಿತ್ತು ಎಂದು ಹೇಳುವುದುಂಟು. ವಾಸ್ತವದಲ್ಲಿ ಯಾವ ರೈಲು ಮಾರ್ಗವೂ ಪಾರ್ಲಿಮೆಂಟಿನ ಪ್ರತ್ಯೇಕ ಕಾಯ್ದೆಯಿಲ್ಲದೆ ಹುಟ್ಟಲು ಆಗುತ್ತಿರಲಿಲ್ಲ. ರೈತನ ಹೊಲ, ಜಮೀನುದಾರನ ತೋಟ ಸೀಳಿಕೊಂಡು ಹೋಗಬೇಕಾದರೆ ಬಲವಂತದ ಭೂಸ್ವಾಧೀನ ಬೇಕು. ಆ ಅಧಿಕಾರ ಕೊಡಬಲ್ಲದ್ದು ಪಾರ್ಲಿಮೆಂಟ್ ಮಾತ್ರ. ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ರೈಲ್ವೆಯ ಮಸೂದೆ 1825ರಲ್ಲಿ ಬಿದ್ದುಹೋಗಿ 1826ರಲ್ಲಿ ಅಂಗೀಕಾರವಾಯಿತು, ಗಾಡಿ ಓಡಿದ್ದು 1830ರಲ್ಲಿ. ಬಂಡವಾಳ ಖಾಸಗಿ, ಲಾಭ ಖಾಸಗಿ, ಆದರೆ ಅದರ ಬೇರು ಇದ್ದದ್ದು ರಾಜ್ಯಶಕ್ತಿಯಲ್ಲಿ.

ಹಾಗೆ ಅಧಿಕಾರ ಕೊಟ್ಟ ಪಾರ್ಲಿಮೆಂಟ್ ಪ್ರತಿಯಾಗಿ ಏನು ಕೇಳಿತು? ಮೊದಮೊದಲು ಬಹಳ ಕಡಿಮೆ. 1841ರ ಡಿಸೆಂಬರ್ 24ರ ನಸುಕಿನಲ್ಲಿ ರೆಡಿಂಗ್ ಪಟ್ಟಣದ ಹತ್ತಿರ ಸೋನಿಂಗ್ ಎಂಬಲ್ಲಿ ಗುಡ್ಡ ಕಡಿದು ಮಾಡಿದ ದಾರಿಯ ಮೇಲೆ ಮಣ್ಣು ಕುಸಿದಿತ್ತು. ಗ್ರೇಟ್ ವೆಸ್ಟರ್ನ್ ಕಂಪನಿಯ ಗಾಡಿ ಅದಕ್ಕೆ ನುಗ್ಗಿತು. ಸತ್ತವರು ಮೂರನೇ ದರ್ಜೆಯ ಪ್ರಯಾಣಿಕರು. ಹೆಚ್ಚಿನವರು ಲಂಡನ್ನಿನಲ್ಲಿ ಹೊಸ ಪಾರ್ಲಿಮೆಂಟ್ ಭವನದ ಕೆಲಸದಲ್ಲಿದ್ದ ಕಲ್ಲುಕುಟಿಗರು, ಕ್ರಿಸ್ಮಸ್ಸಿಗೆ ಊರಿಗೆ ಹೊರಟವರು. ಅವರು ಕುಳಿತಿದ್ದದ್ದು ಗಿಡ್ಡ ಅಂಚಿನ, ಮೇಲೆ ಚಾವಣಿಯಿಲ್ಲದ ತೆರೆದ ಬಂಡಿಗಳಲ್ಲಿ. ಪಾರ್ಲಿಮೆಂಟ್ ಕಟ್ಟುತ್ತಿದ್ದ ಕೈಗಳಿಗೆ ಪಾರ್ಲಿಮೆಂಟ್ ಅಧಿಕಾರ ಕೊಟ್ಟ ರೈಲಿನಲ್ಲಿ ಒಂದು ಮಾಡೂ ಇರಲಿಲ್ಲ. 1844ರಲ್ಲಿ ಸರ್ಕಾರದ ವ್ಯಾಪಾರ ಇಲಾಖೆಯಾದ ವ್ಯಾಪಾರ ಮಂಡಳಿಯ ಹೊಣೆ ಹೊತ್ತಿದ್ದ ಗ್ಲ್ಯಾಡ್‌ಸ್ಟನ್ ತಂದ ಕಾಯ್ದೆ, ಪ್ರತಿ ಹೊಸ ಮಾರ್ಗದಲ್ಲೂ ದಿನಕ್ಕೆ ಒಂದಾದರೂ ಗಾಡಿ ಎಲ್ಲ ನಿಲ್ದಾಣಗಳಲ್ಲಿ ನಿಲ್ಲಬೇಕು, ಗಂಟೆಗೆ 12 ಮೈಲಿಗಿಂತ ನಿಧಾನವಾಗಬಾರದು, ಆಸನವೂ ಮಾಡೂ ಇರಬೇಕು, ಮೈಲಿಗೆ ಒಂದು ಪೆನ್ನಿ ನಾಣ್ಯಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂದು ವಿಧಿಸಿತು. ಅದೇ ಕಾಯ್ದೆಯಲ್ಲಿ ಇನ್ನೊಂದು ಅಂಶವಿತ್ತು. ಹೊಸ ಮಾರ್ಗಗಳನ್ನು 21 ವರ್ಷಗಳ ನಂತರ ಸರ್ಕಾರ ಬೇಕೆಂದರೆ ಕೊಂಡುಕೊಳ್ಳಬಹುದು. ರಾಷ್ಟ್ರೀಕರಣ ಸಮಾಜವಾದಿಗಳ ಕನಸು ಎನ್ನುವವರು ಇದನ್ನು ನೆನಪಿಡಬೇಕು. ಆಗ ಆಳುತ್ತಿದ್ದದ್ದು ರಾಬರ್ಟ್ ಪೀಲ್ ಅವರ ಕನ್ಸರ್ವೇಟಿವ್ ಸರ್ಕಾರ.

ಆ ಅಧಿಕಾರವನ್ನು ಯಾರೂ ಬಳಸಲಿಲ್ಲ. ಮರುವರ್ಷವೇ ರೈಲ್ವೆ ಷೇರುಗಳ ಹುಚ್ಚು ದೇಶವನ್ನು ಹಿಡಿಯಿತು. ಯಾರ್ಕ್ ನಗರದ ಜಾರ್ಜ್ ಹಡ್ಸನ್ 'ರೈಲ್ವೆ ದೊರೆ' ಎನಿಸಿಕೊಂಡು, ಬಂಡವಾಳದ ಹಣದಿಂದಲೇ ಲಾಭಾಂಶ ಹಂಚಿ, 1849ರಲ್ಲಿ ಕುಸಿದುಬಿದ್ದ. ಸಾವಿರಾರು ಮಧ್ಯಮವರ್ಗದ ಕುಟುಂಬಗಳ ಉಳಿತಾಯ ಕರಗಿತು. ಆದರೆ ಹಳಿಗಳು ಉಳಿದವು. ಇಂದಿನ ಬ್ರಿಟನ್ನಿನ ಎಷ್ಟೋ ಮುಖ್ಯ ಮಾರ್ಗಗಳು ಆ ಹುಚ್ಚಿನ ಕಾಲದವು. ಖಾಸಗಿ ಬಂಡವಾಳದ ಧೈರ್ಯವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಯಾವ ಖಜಾನೆಯೂ ಅಷ್ಟು ಬೇಗ ಅಷ್ಟು ಮೈಲಿ ಹಾಕುತ್ತಿರಲಿಲ್ಲ.

ಇಲ್ಲಿ ನಮ್ಮ ನೆಲದ ಮಾತೊಂದನ್ನು ಹೇಳಲೇಬೇಕು. ಅದೇ ಲಂಡನ್ನಿನ ಹೂಡಿಕೆದಾರರು ಭಾರತಕ್ಕೆ ಬರುವಾಗ ಆ ಧೈರ್ಯವನ್ನು ಹೊತ್ತು ಬರಲಿಲ್ಲ. ಇಲ್ಲಿ ರೈಲು ಹಾಕಿದ ಕಂಪನಿಗಳಿಗೆ ಬಂಡವಾಳದ ಮೇಲೆ ಶೇಕಡಾ 5ರ ಬಡ್ಡಿಯ ಖಾತರಿ ಇತ್ತು. ಗಾಡಿ ಲಾಭ ಮಾಡದಿದ್ದರೆ ವ್ಯತ್ಯಾಸ ತುಂಬುತ್ತಿದ್ದದ್ದು ಭಾರತದ ಕಂದಾಯ, ಅಂದರೆ ರೈತನ ಕಿಸೆ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಬಂದ ಮದ್ರಾಸ್ ರೈಲ್ವೆಯೂ ಇಂಥ ಖಾತರಿಯ ಕಂಪನಿಯೇ. ಲಾಭ ಖಾಸಗಿ, ನಷ್ಟ ಸಾರ್ವಜನಿಕ ಎಂಬ ಏರ್ಪಾಡು ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ ಹೊಸದಾಗಿ ಕಾಣಿಸಿಕೊಂಡಿತು ಎಂದು ಅಲ್ಲಿನವರು ಬರೆಯುವಾಗ ನಮಗೆ ಅದು ಹಳೆಯ ಪರಿಚಯ.

ಖಾಸಗಿ ಕಂಪನಿಗಳಿಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ ಎಂದಲ್ಲ. 1889ರ ಜೂನ್ 12ರಂದು ಆಗ ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ಐರ್ಲೆಂಡಿನ ಆರ್ಮಾದಲ್ಲಿ ಭಾನುವಾರದ ಧರ್ಮಪಾಠ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ಗಾಡಿ ಏರಿನಲ್ಲಿ ನಿಂತುಹೋಯಿತು. ಅದನ್ನು ಎರಡಾಗಿ ಬಿಡಿಸಿದಾಗ ಹಿಂದಿನ ಬೋಗಿಗಳು ಇಳಿಜಾರಿನಲ್ಲಿ ಜಾರಿ, ಹಿಂದೆ ಬರುತ್ತಿದ್ದ ಗಾಡಿಗೆ ಅಪ್ಪಳಿಸಿದವು. ಸುಮಾರು 80 ಜನ ಸತ್ತರು. ಬೋಗಿ ಬಿಡಿಸಿಕೊಂಡರೆ ತಾನಾಗಿಯೇ ಹಿಡಿಯುವ ಬ್ರೇಕ್, ಒಂದು ಗಾಡಿ ಮುಂದಿನ ಠಾಣೆ ದಾಟುವವರೆಗೆ ಇನ್ನೊಂದನ್ನು ಬಿಡದ ಬ್ಲಾಕ್ ಪದ್ಧತಿ, ಎರಡೂ ಆಗಲೇ ಬಳಕೆಯಲ್ಲಿದ್ದವು. ತನಿಖಾಧಿಕಾರಿಗಳು ವರ್ಷಗಟ್ಟಲೆ ಶಿಫಾರಸು ಮಾಡಿದ್ದರು, ಖರ್ಚು ನೋಡಿ ಎಷ್ಟೋ ಕಂಪನಿಗಳು ಮುಂದೂಡಿದ್ದವು. ಆರ್ಮಾದ ನಂತರ ಕೆಲವೇ ತಿಂಗಳಲ್ಲಿ ಪಾರ್ಲಿಮೆಂಟ್ ಎರಡನ್ನೂ ಕಡ್ಡಾಯ ಮಾಡಿತು. ಒಡೆತನ ಒಂದಿಷ್ಟೂ ಬದಲಾಗಲಿಲ್ಲ. ಬದಲಾದದ್ದು, ಗೊತ್ತಿದ್ದವರ ಮಾತಿಗೆ ಕಾನೂನಿನ ಬಲ ಬಂದದ್ದು.

ಊರೂರಿನ ಸಾರಿಗೆಯ ಕಥೆ ಬೇರೆ, ಅದು ನನಗೆ ಹೆಚ್ಚು ಪ್ರಿಯವಾದದ್ದು. ಗ್ಲಾಸ್ಗೋದಲ್ಲಿ ಟ್ರಾಮ್ ಹಳಿಗಳನ್ನು ಹಾಕಿದ್ದು ನಗರಸಭೆಯೇ. ಓಡಿಸಲು ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟಿತ್ತು. ಗುತ್ತಿಗೆ ಮುಗಿಯುವ ಹೊತ್ತಿಗೆ ಮಾತುಕತೆ ಮುರಿದುಬಿತ್ತು. ನಗರಸಭೆ ತಾನೇ ಕುದುರೆ ಕೊಂಡು, ಬಂಡಿ ಮಾಡಿಸಿ 1894ರ ಜುಲೈ 1ರಂದು ಟ್ರಾಮ್ ಓಡಿಸಿತು. ಹಳೆಯ ಕಂಪನಿ ಕುದುರೆ ಬಸ್ಸುಗಳನ್ನು ಇಳಿಸಿ ಪೈಪೋಟಿಗೆ ಬಂದು ಸೋತಿತು. ಅರ್ಧ ಪೆನ್ನಿ ದರಕ್ಕೆ ಕೂಲಿಕಾರ ಟ್ರಾಮ್ ಹತ್ತಿ ಹೋಗುವಂತಾಯಿತು. 1962ರವರೆಗೂ ಓಡಿದ ಆ ಟ್ರಾಮುಗಳನ್ನು ಗ್ಲಾಸ್ಗೋದವರು ತಮ್ಮವೆಂದೇ ತಿಳಿದಿದ್ದರು. ಕೊನೆಯ ಮೆರವಣಿಗೆ ನೋಡಲು ಮಳೆಯಲ್ಲಿ ಜನ ಬೀದಿಯುದ್ದಕ್ಕೂ ನಿಂತರು. ಟ್ರಾಮ್ ತಡವಾದರೆ ದೂರು ಹೇಳಬೇಕಾದ ನಗರಸಭಾ ಸದಸ್ಯ ಅದೇ ಬೀದಿಯವನು, ಅದೇ ಟ್ರಾಮ್ ಹತ್ತುವವನು. ನಾನು ಮೊದಲು ಹೇಳಿದ ಪ್ರಶ್ನೆಗೆ ಬ್ರಿಟನ್ ಕೊಟ್ಟ ಉತ್ತರಗಳಲ್ಲಿ ನನಗೆ ಬಹಳ ಒಪ್ಪಿಗೆಯಾದದ್ದು ಇದು.

ಲಂಡನ್ 1933ರಲ್ಲಿ ಇನ್ನೊಂದು ರೂಪ ಕಂಡುಕೊಂಡಿತು. ಭೂಗತ ರೈಲು, ಟ್ರಾಮ್, ಬಸ್ಸು ಎಲ್ಲವನ್ನೂ ಒಂದೇ ಸಾರ್ವಜನಿಕ ಮಂಡಳಿಯ ಕೈಗೆ ಕೊಡುವ ಯೋಜನೆ ರೂಪಿಸಿದ್ದು ಲೇಬರ್ ಪಕ್ಷದ ಹರ್ಬರ್ಟ್ ಮಾರಿಸನ್. ಕಾಯ್ದೆ ಮಾಡಿದ್ದು ನಂತರ ಬಂದ, ಕನ್ಸರ್ವೇಟಿವರೇ ಹೆಚ್ಚಾಗಿದ್ದ ರಾಷ್ಟ್ರೀಯ ಸರ್ಕಾರ. ಮಂಡಳಿಯ ಅಧ್ಯಕ್ಷರಾದ ಲಾರ್ಡ್ ಆ್ಯಶ್‌ಫೀಲ್ಡ್ ಅದುವರೆಗೆ ಖಾಸಗಿ ಭೂಗತ ರೈಲಿನ ಮುಖ್ಯಸ್ಥರಾಗಿದ್ದವರು, ಅವರ ಬಲಗೈ ಫ್ರ್ಯಾಂಕ್ ಪಿಕ್ ಕೂಡ ಅಲ್ಲಿಂದಲೇ ಬಂದವರು. ಒಡೆತನ ಬದಲಾಯಿತು, ಕೆಲಸ ಬಲ್ಲವರು ಉಳಿದರು. ಹ್ಯಾರಿ ಬೆಕ್ ಬರೆದ ಭೂಗತ ರೈಲಿನ ನಕ್ಷೆ ಪ್ರಯಾಣಿಕರ ಕೈಗೆ ಬಂದದ್ದೂ ಅದೇ ವರ್ಷ.

ರಾಷ್ಟ್ರಮಟ್ಟದಲ್ಲಿ ಹಾಗಾಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸರ್ಕಾರ ರೈಲನ್ನು ತನ್ನ ಹತೋಟಿಗೆ ತೆಗೆದುಕೊಂಡು ಓಡಿಸಿ ಮರಳಿ ಕೊಟ್ಟಿತು, ನೂರಕ್ಕೂ ಹೆಚ್ಚು ಕಂಪನಿಗಳನ್ನು 1923ರಲ್ಲಿ ನಾಲ್ಕಾಗಿ ಒಟ್ಟುಗೂಡಿಸಿತು. ಎರಡನೆಯ ಯುದ್ಧ ಆ ನಾಲ್ಕನ್ನೂ ಹಿಂಡಿ ಹಿಪ್ಪೆ ಮಾಡಿತು. ಯುದ್ಧದ ನಂತರ ರೈಲುಗಳನ್ನು ರಾಷ್ಟ್ರೀಕರಣ ಮಾಡುವ ಕಾಯ್ದೆಯ ಚರ್ಚೆಯಲ್ಲಿ ಲೇಬರ್ ಹಣಕಾಸು ಸಚಿವ ಹ್ಯೂ ಡಾಲ್ಟನ್ ಅವರೇ ಈ ರೈಲುಗಳನ್ನು ತೀರಾ ಬಡ ಆಸ್ತಿಯ ಗಂಟು ಎಂದು ಕರೆದರು. 1948ರ ಜನವರಿ 1ರಂದು ರೈಲುಗಳು ಸರ್ಕಾರದ ಒಡೆತನಕ್ಕೆ ಬಂದಾಗ ಆ ಬಡ ಗಂಟಿಗೆ ಹಳೆಯ ಷೇರುದಾರರಿಗೆ ಸರ್ಕಾರದ ಖಾತರಿಯಿದ್ದ ಶೇಕಡಾ 3ರ ಬಡ್ಡಿಪತ್ರಗಳು ಸಿಕ್ಕವು. ಗಾಡಿ ಗಳಿಸಲಿ ಬಿಡಲಿ ಬಡ್ಡಿ ಕಟ್ಟಲೇಬೇಕು. ರೈಲುಗಳ ಒಡೆತನ ವಹಿಸಿಕೊಂಡ ಹೊಸ ಸಾರಿಗೆ ಆಯೋಗ ಹುಟ್ಟಿದ್ದೇ ಸಾಲದ ಮೂಟೆ ಹೊತ್ತು.

1955ರಲ್ಲಿ 124 ಕೋಟಿ ಪೌಂಡುಗಳ ಆಧುನೀಕರಣ ಯೋಜನೆ ಬಂದಿತು, ಉಗಿಬಂಡಿಗಳನ್ನು ತೆಗೆದು ಡೀಸೆಲ್, ವಿದ್ಯುತ್ ತರುವುದು ಎಂದು. ಆದರೂ ಉಗಿ ಎಂಜಿನ್ನುಗಳ ತಯಾರಿಕೆ ನಿಲ್ಲಲಿಲ್ಲ. ಬ್ರಿಟಿಷ್ ರೈಲ್ವೆಯ ಕೊನೆಯ ಉಗಿ ಎಂಜಿನ್ 'ಈವ್ನಿಂಗ್ ಸ್ಟಾರ್' ಸ್ವಿಂಡನ್ ಕಾರ್ಖಾನೆಯಿಂದ ಹೊರಬಂದದ್ದು 1960ರಲ್ಲಿ, ಸೇವೆಯಿಂದ ಹಿಂದೆ ಸರಿದದ್ದು 1965ರಲ್ಲಿ. ದಶಕಗಟ್ಟಲೆ ದುಡಿಯಬೇಕಾದ ಯಂತ್ರಕ್ಕೆ ಐದು ವರ್ಷದ ಆಯುಷ್ಯ. ಇದು ಜನರ ದುಡ್ಡು ಎಂಬುದನ್ನು ಸಾರ್ವಜನಿಕ ಒಡೆತನದ ಪರವಾಗಿ ನಿಲ್ಲುವ ನಾನೂ ಮರೆಮಾಚುವುದಿಲ್ಲ.

ನಷ್ಟ ಏರಿದಾಗ ರೈಲ್ವೆಯ ಮುಖ್ಯಸ್ಥರಾಗಿ ರಾಸಾಯನಿಕ ಉದ್ಯಮದಿಂದ ಬಂದ ರಿಚರ್ಡ್ ಬೀಚಿಂಗ್ ಅವರ ಸಂಬಳ 24,000 ಪೌಂಡು, ಪ್ರಧಾನಿಗಿಂತ ಎರಡು ಪಟ್ಟಿಗೂ ಹೆಚ್ಚು. 1963ರ ಅವರ ವರದಿ 2,363 ನಿಲ್ದಾಣಗಳನ್ನೂ ಸುಮಾರು 5,000 ಮೈಲಿ ಮಾರ್ಗವನ್ನೂ ಮುಚ್ಚಬೇಕೆಂದಿತು. ಅದಕ್ಕೆ ಆಧಾರವಾದ ಪ್ರಯಾಣಿಕರ ಎಣಿಕೆ ನಡೆದದ್ದು 1961ರ ಏಪ್ರಿಲ್‌ನ ಒಂದು ವಾರ. ಬೇಸಿಗೆಯ ರಜೆಯಲ್ಲಿ ಸಮುದ್ರದ ಊರುಗಳಿಗೆ ತುಂಬಿ ತುಳುಕುವ ಗಾಡಿಗಳು ಏಪ್ರಿಲ್‌ನಲ್ಲಿ ಹೇಗಿರುತ್ತವೆ ಎಂದು ಯಾವ ಸ್ಟೇಷನ್ ಮಾಸ್ತರನೂ ಹೇಳಬಲ್ಲವನಾಗಿದ್ದ. ಆಗಿನ ಸಾರಿಗೆ ಸಚಿವ ಅರ್ನೆಸ್ಟ್ ಮಾರ್ಪಲ್ಸ್ ರಸ್ತೆ ಕಟ್ಟುವ ಕಂಪನಿಯೊಂದರ ಸ್ಥಾಪಕರಲ್ಲಿ ಒಬ್ಬರು ಎಂಬುದನ್ನೂ ಸೇರಿಸಿ ಓದಿಕೊಳ್ಳಿ. ವಿರೋಧಪಕ್ಷದಲ್ಲಿದ್ದಾಗ ಮುಚ್ಚುವುದನ್ನು ತಡೆಯುವೆವೆಂದ ಲೇಬರ್, 1964ರಲ್ಲಿ ಗೆದ್ದ ಮೇಲೆ ಮುಚ್ಚುತ್ತಲೇ ಹೋಯಿತು.

ಎಡಿನ್‌ಬರೊದಿಂದ ಗಡಿಗುಡ್ಡಗಳ ನಡುವೆ ಕಾರ್ಲೈಲ್‌ಗೆ ಹೋಗುತ್ತಿದ್ದ ವೇವರ್ಲಿ ಮಾರ್ಗದ ಕೊನೆಯ ರಾತ್ರಿ 1969ರ ಜನವರಿ 5. ನ್ಯೂಕಾಸಲ್‌ಟನ್ ಎಂಬ ಸಣ್ಣ ಊರಿನ ಜನ ಲೆವೆಲ್ ಕ್ರಾಸಿಂಗಿನ ಗೇಟುಗಳನ್ನು ಹಳಿಗೆ ಅಡ್ಡ ಹಾಕಿ ಬೀಗ ಜಡಿದರು. ಲಂಡನ್ನಿಗೆ ಹೊರಟಿದ್ದ ಕೊನೆಯ ಗಾಡಿ ನಿಂತಿತು. ಊರಿನ ಪಾದ್ರಿಯನ್ನು ಪೊಲೀಸರು ಹಿಡಿದರು. ಅದೇ ಗಾಡಿಯಲ್ಲಿದ್ದ ಆ ಕ್ಷೇತ್ರದ ಸಂಸದ ಡೇವಿಡ್ ಸ್ಟೀಲ್ ಇಳಿದು ಬಂದು ಮಾತನಾಡಿದರು: ಪಾದ್ರಿಯನ್ನು ಬಿಟ್ಟರೆ ಜನ ಗೇಟು ತೆರೆಯುತ್ತಾರೆ. ಹಾಗೆಯೇ ಆಯಿತು, ಗಾಡಿ ಹೋಯಿತು, ಮಾರ್ಗ ಮುಚ್ಚಿತು. ಕಾನೂನಿನ ಪ್ರಕಾರ ಆ ರೈಲಿನ ಒಡೆಯರು ಆ ಗೇಟಿನ ಬಳಿ ಚಳಿಯಲ್ಲಿ ನಿಂತಿದ್ದ ಜನವೇ. ಆದರೆ ಒಡೆಯರ ಮಾತಿಗೆ ತಲೆಬಾಗಲೇಬೇಕಾದ ಕಟ್ಟುಪಾಡು ಆ ವ್ಯವಸ್ಥೆಯಲ್ಲಿ ಇರಲಿಲ್ಲ. ಸಾರ್ವಜನಿಕ ಒಡೆತನ ಎಂದ ಮಾತ್ರಕ್ಕೆ ಅದು ಸಾರ್ವಜನಿಕರದ್ದಾಗುವುದಿಲ್ಲ ಎಂದು ನಾನು ಕಲಿತದ್ದು ಈ ಪ್ರಸಂಗದಿಂದ. ಎಡಿನ್‌ಬರೊದಿಂದ ಟ್ವೀಡ್‌ಬ್ಯಾಂಕ್‌ವರೆಗಿನ ಮೂವತ್ತು ಮೈಲಿಯನ್ನು 2015ರಲ್ಲಿ ಮತ್ತೆ ಕಟ್ಟಿ ತೆರೆದರು. ನ್ಯೂಕಾಸಲ್‌ಟನ್ ಅದರಾಚೆ ಉಳಿಯಿತು.

ಲೇಬರ್ ಸರ್ಕಾರದ ಸಾರಿಗೆ ಸಚಿವೆಯಾಗಿದ್ದ ಬಾರ್ಬರಾ ಕಾಸಲ್ ತಂದ 1968ರ ಕಾಯ್ದೆ ಲಾಭ ತಾರದಿದ್ದರೂ ಸಮಾಜಕ್ಕೆ ಬೇಕಾದ ಮಾರ್ಗಗಳಿಗೆ ಅನುದಾನ ಕೊಡಬಹುದೆಂದು ಒಪ್ಪಿತು. 1976ರಲ್ಲಿ ಗಂಟೆಗೆ 125 ಮೈಲಿ ವೇಗದ ಡೀಸೆಲ್ ಗಾಡಿ ಬಂದಿತು, ಬ್ರಿಟಿಷ್ ರೈಲಿನ ಎಂಜಿನಿಯರುಗಳೇ ರೂಪಿಸಿದ್ದು. 1980ರ ದಶಕದಲ್ಲಿ ರೈಲನ್ನು ದೂರಪ್ರಯಾಣ, ಲಂಡನ್ ಸುತ್ತಲಿನ ಪ್ರಯಾಣ, ಪ್ರಾದೇಶಿಕ ಪ್ರಯಾಣ ಎಂದು ವಿಭಾಗಿಸಿ, ಒಬ್ಬೊಬ್ಬರಿಗೂ ಪೂರ್ತಿ ಹೊಣೆ ಕೊಟ್ಟರು. ಗಾಡಿ, ವೇಳಾಪಟ್ಟಿ, ಲೆಕ್ಕ ಎಲ್ಲವೂ ಒಂದೇ ಮೇಜಿಗೆ ಬಂದವು. ಸರ್ಕಾರಿ ರೈಲು ಚೆನ್ನಾಗಿ ನಡೆದ ಕಾಲ ಇದು ಎನ್ನುವುದು ನನ್ನ ಅಭಿಪ್ರಾಯ. ಮುರಿಯಲು ಆರಿಸಿಕೊಂಡದ್ದು ಇದನ್ನೇ.

ಅದಕ್ಕೂ ಮೊದಲು ಬಸ್ಸುಗಳ ಸರದಿ. 1986ರ ಅಕ್ಟೋಬರ್ 26ರಿಂದ ಲಂಡನ್ ಬಿಟ್ಟು ಗ್ರೇಟ್ ಬ್ರಿಟನ್ನಿನ ಉಳಿದೆಡೆ ಯಾರು ಬೇಕಾದರೂ, ಯಾವ ಮಾರ್ಗದಲ್ಲಾದರೂ ನೋಂದಣಿ ಮಾಡಿಸಿ ಬಸ್ಸು ಓಡಿಸಬಹುದಾಯಿತು. ಪೈಪೋಟಿ ದರ ಇಳಿಸುತ್ತದೆ ಎಂಬ ನಂಬಿಕೆ. ಡಾರ್ಲಿಂಗ್‌ಟನ್ನಿನಲ್ಲಿ 1994ರಲ್ಲಿ ಪೌರಸಭೆ ತನ್ನ ಬಸ್ ಕಂಪನಿಯನ್ನು ಮಾರಲು ಹೊರಟಿತು. ಸ್ಟೇಜ್‌ಕೋಚ್ ಎಂಬ ದೊಡ್ಡ ಖಾಸಗಿ ಬಸ್ ಕಂಪನಿಗೆ ಅದು ಸಿಗಲಿಲ್ಲ. ಆಗ ಅದರ ಅಂಗಸಂಸ್ಥೆ, ಪೌರಸಭೆಯ ಕಂಪನಿಯ ಚಾಲಕರನ್ನು ಹಣ ಕೊಟ್ಟು ಸೆಳೆದು, ಅದೇ ಮಾರ್ಗಗಳಲ್ಲಿ ಪುಕ್ಕಟೆ ಬಸ್ಸು ಓಡಿಸಿತು. ಪುಕ್ಕಟೆ ಬಸ್ಸಿನ ಮುಂದೆ ಟಿಕೆಟ್ಟಿನ ಬಸ್ಸು ಎಷ್ಟು ದಿನ ನಿಂತೀತು? ಕೊಳ್ಳಲು ಬಂದವರು ಹಿಂದೆ ಸರಿದರು, ಕೆಲವೇ ವಾರಗಳಲ್ಲಿ ಪೌರಸಭೆಯ ಕಂಪನಿ ಬಾಗಿಲು ಹಾಕಿತು. ಮಾರುಕಟ್ಟೆಯ ಪೈಪೋಟಿಯ ಮೇಲೆ ಕಣ್ಣಿಡುವ ಏಕಸ್ವಾಮ್ಯ ಆಯೋಗ ಮರುವರ್ಷ ಇದನ್ನು ಕಬಳಿಸುವ, ಖಂಡನೀಯ, ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ನಡತೆ ಎಂದು ಕರೆಯಿತು. ಅಷ್ಟರಲ್ಲಿ ಊರಿನ ಬಸ್ಸು ಹೋಗಿಯಾಗಿತ್ತು. 1986ರ ನಂತರದ ಮೂರು ದಶಕಗಳಲ್ಲಿ ಲಂಡನ್ ಹೊರತುಪಡಿಸಿ ಇಂಗ್ಲೆಂಡಿನ ದೊಡ್ಡ ನಗರ ಪ್ರದೇಶಗಳ ಬಸ್ ಪ್ರಯಾಣ ಅರ್ಧಕ್ಕಿಂತ ಕೆಳಗಿಳಿಯಿತು. ಮಾರ್ಗವನ್ನೂ ದರವನ್ನೂ ಸಾರ್ವಜನಿಕ ಸಂಸ್ಥೆ ನಿರ್ಧರಿಸಿ, ಓಡಿಸಲು ಮಾತ್ರ ಖಾಸಗಿಯವರಿಗೆ ಟೆಂಡರ್ ಕರೆದ ಲಂಡನ್ನಿನಲ್ಲಿ ಏರಿತು. ಎರಡೂ ಕಡೆ ಬಸ್ಸಿನ ಒಡೆಯರು ಖಾಸಗಿಯವರೇ ಎಂಬುದನ್ನು ದಯವಿಟ್ಟು ಗಮನಿಸಿ. 2025ರ ಜನವರಿಯ ಹೊತ್ತಿಗೆ ಗ್ರೇಟರ್ ಮ್ಯಾಂಚೆಸ್ಟರ್ ತನ್ನ ಎಲ್ಲ ಬಸ್ಸುಗಳನ್ನೂ ಲಂಡನ್ ಮಾದರಿಯ ಹತೋಟಿಗೆ ತಂದಿತು.

ಈಗ ರೈಲನ್ನು ಖಾಸಗಿಯವರಿಗೆ ಒಪ್ಪಿಸಿದ 1993ರ ರೈಲ್ವೆ ಕಾಯ್ದೆ. ಒಂದು ರೈಲನ್ನು ನೂರಕ್ಕೂ ಹೆಚ್ಚು ತುಂಡು ಮಾಡಿದರು. ಹಳಿ, ಸಿಗ್ನಲ್, ನಿಲ್ದಾಣಗಳು ರೈಲ್‌ಟ್ರ್ಯಾಕ್ ಕಂಪನಿಗೆ. ಗಾಡಿ ಓಡಿಸುವುದು 25 ಕಂಪನಿಗಳಿಗೆ. ಬೋಗಿಗಳ ಒಡೆತನ ಬೇರೆ ಮೂರು ಬಾಡಿಗೆ ಕಂಪನಿಗಳಿಗೆ. ಹಳಿ ದುರಸ್ತಿ ಇನ್ನಷ್ಟು ಗುತ್ತಿಗೆದಾರರಿಗೆ. ಡರ್ಬಿಯಲ್ಲಿದ್ದ ರೈಲ್ವೆ ಸಂಶೋಧನಾ ಕೇಂದ್ರವನ್ನೂ ಮಾರಿದರು. ಕನ್ಸರ್ವೇಟಿವ್ ಪಕ್ಷದ ಸಂಸದರೇ ಆದ ರಾಬರ್ಟ್ ಆ್ಯಡ್ಲಿ ಎಚ್ಚರಿಸಿದ್ದರು. ಕೇಳಿದವರಿಲ್ಲ.

ಇದರ ಫಲ ಏನೆಂದು ತಿಳಿಯಲು ಲಂಡನ್ನಿನ ಉತ್ತರಕ್ಕಿರುವ ಹ್ಯಾಟ್‌ಫೀಲ್ಡ್ ಬಳಿಯ ಒಂದು ತಿರುವನ್ನು ನೋಡಿದರೆ ಸಾಕು. ಅಲ್ಲಿನ ಹಳಿಯ ತಲೆಯಲ್ಲಿ, ಚಕ್ರದ ಒಳಬದಿ ಉಜ್ಜುವ ಅಂಚಿನಲ್ಲಿ, ಸಣ್ಣ ಸಣ್ಣ ಬಿರುಕುಗಳು ಬಿದ್ದಿದ್ದವು. ಮೇಲಿನಿಂದ ಕೂದಲೆಳೆಯಂತೆ ಕಾಣುವ ಇವು ಒಳಗೆ ಇಳಿದು ಕವಲೊಡೆಯುತ್ತವೆ. ಹಳಿ ಕೆಟ್ಟಿದೆ ಎಂದು ಗೊತ್ತಿತ್ತು. ಬದಲಿ ಹಳಿಗಳು ಬಂದು ತಿಂಗಳುಗಟ್ಟಲೆ ಅದೇ ಜಾಗದಲ್ಲಿ ಪಕ್ಕಕ್ಕೆ ಬಿದ್ದಿದ್ದವು. ನಿರ್ವಹಣೆಯ ಗುತ್ತಿಗೆ ಒಂದು ಕಂಪನಿಗೆ, ಹೊಸ ಹಳಿ ಹಾಕುವ ಗುತ್ತಿಗೆ ಇನ್ನೊಂದಕ್ಕೆ, ಮಾರ್ಗ ಬಂದ್ ಮಾಡುವ ಅಧಿಕಾರ ರೈಲ್‌ಟ್ರ್ಯಾಕ್‌ಗೆ, ಬಂದ್ ಮಾಡಿದರೆ ಗಾಡಿ ಕಂಪನಿಗೆ ಪರಿಹಾರ. 2000ದ ಅಕ್ಟೋಬರ್ 17ರ ಮಧ್ಯಾಹ್ನ ಲೀಡ್ಸ್‌ಗೆ ಹೊರಟ ಗಾಡಿ ಗಂಟೆಗೆ ಸುಮಾರು 115 ಮೈಲಿ ವೇಗದಲ್ಲಿ ಆ ತಿರುವಿಗೆ ಬಂದಾಗ ಹಳಿ ಮುನ್ನೂರಕ್ಕೂ ಹೆಚ್ಚು ಚೂರುಗಳಾಗಿ ಒಡೆಯಿತು. ನಾಲ್ವರು ಸತ್ತರು, ಎಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು.

ನಂತರ ನಡೆದದ್ದು ಇನ್ನೂ ಬೆಚ್ಚಿಬೀಳಿಸುವಂಥದ್ದು. ಇಂಥ ಬಿರುಕು ಇನ್ನೆಲ್ಲೆಲ್ಲಿ ಇದೆ ಎಂದು ರೈಲ್‌ಟ್ರ್ಯಾಕ್‌ಗೆ ನಿಖರವಾಗಿ ಗೊತ್ತಿರಲಿಲ್ಲ. ದೇಶದ ರೈಲು ಹಳಿಗಳ ಒಡೆಯನ ಬಳಿ ತನ್ನ ಹಳಿಗಳ ಸ್ಥಿತಿಯ ಪೂರ್ಣ ದಾಖಲೆ ಇರಲಿಲ್ಲ. ಗೊತ್ತಿದ್ದ ಎಂಜಿನಿಯರುಗಳು ಚದುರಿಹೋಗಿದ್ದರು. ಹಾಗಾಗಿ 1,200ಕ್ಕೂ ಹೆಚ್ಚು ಕಡೆ ವೇಗ ಮಿತಿ ಹೇರಿದರು, ತಿಂಗಳುಗಟ್ಟಲೆ ದೇಶದ ರೈಲು ತೆವಳಿತು. 2001ರ ಮೇ ತಿಂಗಳಲ್ಲಿ ಕಂಪನಿ 53.4 ಕೋಟಿ ಪೌಂಡ್ ನಷ್ಟ ತೋರಿಸಿತು, ಆದರೂ 13.7 ಕೋಟಿ ಪೌಂಡ್ ಲಾಭಾಂಶ ಹಂಚಿತು. ಅಕ್ಟೋಬರಿನಲ್ಲಿ ದಿವಾಳಿ ಆಡಳಿತಕ್ಕೆ ಹೋಯಿತು. 2002ರಲ್ಲಿ ಲಾಭ ಹಂಚದ ಸಂಸ್ಥೆಯಾಗಿ ನೆಟ್‌ವರ್ಕ್ ರೈಲ್ ಬಂದಿತು. ಅದು 2003ರಲ್ಲಿ ಹಳಿ ನಿರ್ವಹಣೆಯನ್ನು ಗುತ್ತಿಗೆದಾರರಿಂದ ಕಿತ್ತು ತನ್ನದೇ ನೌಕರರ ಕೈಗೆ ತರಲು ನಿರ್ಧರಿಸಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗುವ ರಾಷ್ಟ್ರೀಕರಣಗಳಿಗಿಂತ ಈ ಒಂದು ನಿರ್ಧಾರ ಹೆಚ್ಚು ತೂಕದ್ದು ಎಂದು ನಾನು ನಂಬುತ್ತೇನೆ. ಹಳಿ ನೋಡುವವನೂ ಹಳಿ ಬದಲಿಸಲು ಆದೇಶ ಕೊಡುವವನೂ ಮತ್ತೆ ಒಂದೇ ಮನೆಯವರಾದರು.

ಖಾಸಗೀಕರಣದ ಪರ ಹೇಳಬೇಕಾದದ್ದೂ ಇದೆ. 1994-95ರಲ್ಲಿ ಸುಮಾರು 73.5 ಕೋಟಿ ಇದ್ದ ರೈಲು ಪ್ರಯಾಣಗಳು 2018-19ರ ಹೊತ್ತಿಗೆ ಸುಮಾರು 175 ಕೋಟಿಗೆ ಏರಿದವು. ಗಾಡಿಗಳ ಸಂಖ್ಯೆ ಹೆಚ್ಚಿಸಿದ್ದರಲ್ಲಿ, ಟಿಕೆಟ್ ಮಾರುವ ಚುರುಕಿನಲ್ಲಿ ಕಂಪನಿಗಳ ಪಾಲು ಇದೆ. ಲಂಡನ್ನಿನ ಉದ್ಯೋಗ ಬೆಳವಣಿಗೆ, ರಸ್ತೆಗಳ ದಟ್ಟಣೆ ಇವುಗಳ ಪಾಲೂ ಇದೆ. ಆದರೆ ಹಳಿಯ ಹೊಣೆ ಮತ್ತೆ ಸರ್ಕಾರದ್ದೇ ಆಗಿತ್ತು. 2014ರಲ್ಲಿ ಲೆಕ್ಕಪತ್ರದಲ್ಲೂ ನೆಟ್‌ವರ್ಕ್ ರೈಲ್ ಸಾರ್ವಜನಿಕ ವಲಯಕ್ಕೆ ಸೇರಿತು. ಲಂಡನ್-ಎಡಿನ್‌ಬರೊ ಮಾರ್ಗವನ್ನು ಹಿಡಿದ ಖಾಸಗಿ ಕಂಪನಿಗಳು ಒಂದಾದ ಮೇಲೊಂದು ಕೈಚೆಲ್ಲಿದವು. ನಡುವೆ 2009ರಿಂದ 2015ರವರೆಗೆ ಸರ್ಕಾರವೇ ಓಡಿಸಿದಾಗ ಅದು ಖಜಾನೆಗೆ ನೂರು ಕೋಟಿ ಪೌಂಡಿಗೂ ಹೆಚ್ಚು ಕಟ್ಟಿತು. ಅದನ್ನು ಮತ್ತೆ ಖಾಸಗಿಗೆ ಕೊಟ್ಟರು, 2018ರಲ್ಲಿ ಅದು ಮತ್ತೆ ಸರ್ಕಾರಕ್ಕೆ ಬಂದಿತು. ಇನ್ನು ಉಳಿದ ಎಷ್ಟೋ 'ಖಾಸಗಿ' ಕಂಪನಿಗಳ ಹಿಂದೆ ಇದ್ದದ್ದು ಜರ್ಮನಿಯ, ನೆದರ್ಲೆಂಡ್ಸಿನ, ಫ್ರಾನ್ಸಿನ, ಇಟಲಿಯ ಸರ್ಕಾರಿ ರೈಲ್ವೆಗಳು. ಸರ್ಕಾರಕ್ಕೆ ರೈಲು ಓಡಿಸಲು ಬಾರದು ಎಂಬ ವಾದದ ಮೇಲೆ ಕಟ್ಟಿದ ಪದ್ಧತಿಯಲ್ಲಿ ಬ್ರಿಟನ್ನಿನದ್ದನ್ನು ಬಿಟ್ಟು ಬೇರೆ ಸರ್ಕಾರಗಳಿಗೆಲ್ಲ ಜಾಗವಿತ್ತು.

ಕೋವಿಡ್ ಬಂದು ಪ್ರಯಾಣಿಕರು ಇಲ್ಲವಾದ 2020ರ ಮಾರ್ಚಿನಲ್ಲಿ ಗುತ್ತಿಗೆಗಳ ಲೆಕ್ಕಾಚಾರ ಬಿದ್ದುಹೋಯಿತು, ನಷ್ಟವನ್ನು ಸರ್ಕಾರ ಹೊತ್ತಿತು. 2024ರ ನವೆಂಬರಿನಲ್ಲಿ ಹೊಸ ಕಾಯ್ದೆಗೆ ಒಪ್ಪಿಗೆ ಸಿಕ್ಕಿತು. ಗುತ್ತಿಗೆ ಮುಗಿದಂತೆ ಒಂದೊಂದೇ ಕಂಪನಿಯನ್ನು ಸರ್ಕಾರ ವಹಿಸಿಕೊಳ್ಳುತ್ತಿದೆ. 2025ರ ಮೇ 25ರಂದು ಸೌತ್ ವೆಸ್ಟರ್ನ್ ರೈಲ್ವೆ ಮೊದಲನೆಯದು. ಹಳಿಯನ್ನೂ ಗಾಡಿಯನ್ನೂ ಗ್ರೇಟ್ ಬ್ರಿಟಿಷ್ ರೈಲ್ವೇಸ್ ಎಂಬ ಒಂದೇ ಸಂಸ್ಥೆಯಡಿ ತರುವುದು ಗುರಿ.

ಭಾಷಣದ ನಂತರ ಸಭಿಕರೊಬ್ಬರು ಕೇಳಿದರು: ಹಾಗಾದರೆ ಈಗ ಎಲ್ಲವೂ ಸರ್ಕಾರದ್ದಾಯಿತಲ್ಲ, ಇನ್ನೇನು ಉಳಿದಿದೆ? ಬೋಗಿಗಳು ಉಳಿದಿವೆ, ಎಂದೆ. ಮೂರು ಬಾಡಿಗೆ ಕಂಪನಿಗಳಲ್ಲಿ ಒಂದಾದ ಪೋರ್ಟರ್‌ಬ್ರೂಕ್ 1996ರ ಆರಂಭದಲ್ಲಿ ಸುಮಾರು 52.7 ಕೋಟಿ ಪೌಂಡಿಗೆ ಮಾರಾಟವಾಗಿ, ಅದೇ ವರ್ಷ ಸ್ಟೇಜ್‌ಕೋಚ್‌ಗೆ ಸುಮಾರು 82.5 ಕೋಟಿಗೆ ಮರುಮಾರಾಟವಾಯಿತು. ಆ ವ್ಯತ್ಯಾಸ ಜನರ ಆಸ್ತಿಯಿಂದ ಹೋದದ್ದು. ಇಂದಿಗೂ ಬ್ರಿಟನ್ನಿನ ಹೆಚ್ಚಿನ ಗಾಡಿಗಳು ಬಾಡಿಗೆಯವೇ, ಅವುಗಳನ್ನು 2024ರ ಕಾಯ್ದೆ ಮುಟ್ಟಿಲ್ಲ. ಎಲ್ಲವನ್ನೂ ಒಂದೇ ಸಲ ಕೊಳ್ಳಲು ಖಜಾನೆಯಲ್ಲಿ ಹಣವಿಲ್ಲ ಎಂಬುದು ನಿಜವಾದ ಅಡ್ಡಿ. ಆದರೆ ಹಳೆಯ ಗಾಡಿಗಳ ಬದಲಿಗೆ ಹೊಸವು ಬರಲೇಬೇಕು. ಅವುಗಳನ್ನು ಸ್ವಂತಕ್ಕೆ ಮಾಡಿಸುತ್ತಾರೋ ಮತ್ತೆ ಬಾಡಿಗೆಗೆ ತರುತ್ತಾರೋ, ಮಾಡಿಸುವಾಗ ಡರ್ಬಿಯ ಎಂಜಿನಿಯರುಗಳನ್ನು ಮೇಜಿಗೆ ಕರೆಯುತ್ತಾರೋ ಇಲ್ಲವೋ, ನಾನು ಕಾದು ನೋಡುತ್ತಿರುವುದು ಅದನ್ನು.